ಹದಿಮೂರು ಸಾಲಿನ ಬಿಲ್

2022ರ ಆಯುಧಪೂಜೆಯ ಹಿಂದಿನ ದಿನ. ಕಾರು ತೊಳೆದಾಗಿತ್ತು. ನಿಂಬೆಹಣ್ಣು, ಬೂದುಕುಂಬಳಕಾಯಿ ತಂದಿಟ್ಟಾಗಿತ್ತು. ಒಳಗೆ ಡ್ಯಾಶ್‌ಬೋರ್ಡ್ ಒರೆಸುತ್ತಾ ಗ್ಲೋವ್ ಬಾಕ್ಸ್ ಖಾಲಿ ಮಾಡಿದೆ. ಆ ಬಾಕ್ಸಿನ ಎರಡೂ ಬದಿ ಒಳಕ್ಕೆ ಒತ್ತಿದರೆ ಅದು ಪೂರ್ತಿ ಕೆಳಗೆ ಬೀಳುತ್ತದೆ, ಹಿಂದೆ ಏಸಿ ಫಿಲ್ಟರ್ ಇರುತ್ತದೆ ಎಂದು ಯಾವುದೋ ವಿಡಿಯೋದಲ್ಲಿ ನೋಡಿದ್ದೆ. ಸುಮ್ನೆ ನೋಡೋಣ ಅಂತ ಒತ್ತಿದೆ. ಬಾಕ್ಸ್ ಕೆಳಗೆ ಬಂತು. ಒಂದು ಸಣ್ಣ ಪ್ಲಾಸ್ಟಿಕ್ ಮುಚ್ಚಳ, ಅದರ ಹಿಂದೆ ಫಿಲ್ಟರ್. ಎಳೆದೆ.

ಬಿಳಿ ಇರಬೇಕಾದ ಕಾಗದ ಒಲೆಯ ಮಸಿಬಟ್ಟೆಯ ಬಣ್ಣಕ್ಕೆ ತಿರುಗಿತ್ತು. ಮಡಿಕೆಗಳ ನಡುವೆ ಒಣಗಿದ ಹೊಂಗೆ ಹೂವು. ಒಂದೆರಡಲ್ಲ, ಒಂದು ಬೊಗಸೆಯಷ್ಟು. ನಮ್ಮ ಮನೆ ಮುಂದಿನ ಹೊಂಗೆ ಮರದ ಕೆಳಗೇ ಕಾರು ನಿಲ್ಲಿಸುವುದು. ಆ ಮರ ಹೂ ಬಿಡುವುದು ಯುಗಾದಿ ಕಳೆದ ಮೇಲೆ. ಈ ಫಿಲ್ಟರ್ ಬದಲಾಯಿಸಿದ್ದೇವೆ ಎಂದು ಡೀಲರ್ ಸರ್ವೀಸ್ ಸೆಂಟರ್‌ನವರು ಬಿಲ್ ಕೊಟ್ಟಿದ್ದು ಜೂನ್‌ನಲ್ಲಿ. ಹೊಂಗೆ ಹೂವೆಲ್ಲ ಉದುರಿ ಮುಗಿದ ಮೇಲೆ ಹಾಕಿದ ಫಿಲ್ಟರ್‌ನಲ್ಲಿ ಇಷ್ಟೊಂದು ಹೂವು ಹೇಗೆ ಬಂತು?

ಬಿಲ್ ಹುಡುಕಿ ತೆಗೆದೆ. ‘ಏಸಿ ಫಿಲ್ಟರ್, 1, 450 ರೂಪಾಯಿ’ ಅಂತ ಇತ್ತು.

ಹಬ್ಬ ಮುಗಿದ ಮೇಲೆ ಫಿಲ್ಟರನ್ನು ಕವರಿಗೆ ಹಾಕಿಕೊಂಡು ಹೋದೆ. ಅವರು ಹೆಚ್ಚು ಮಾತಾಡಲಿಲ್ಲ. ಹೊಸ ಫಿಲ್ಟರ್ ಕೊಟ್ಟರು, ಕ್ಷಮೆ ಕೇಳಿದರು. ಹುಡುಗರು ಮರೆತಿರಬಹುದು. ಬೇಕೆಂದೇ ಮಾಡಿದ್ದಾರೆ ಎಂದು ನಾನು ಹೇಳಲಾರೆ. ಆದರೆ ಮನೆಗೆ ಬಂದು ಆ ಬಿಲ್ಲನ್ನು ಮೊದಲ ಬಾರಿಗೆ ಸಾಲು ಸಾಲಾಗಿ ಓದಿದೆ. ಐದು ವರ್ಷದಿಂದ ಕಾರು ಇಟ್ಟುಕೊಂಡು, ಒಂದು ಬಿಲ್ಲನ್ನೂ ಅಲ್ಲಿಯವರೆಗೆ ಹಾಗೆ ಓದಿರಲಿಲ್ಲ. ಕೊನೆಯ ಸಾಲಿನ ಮೊತ್ತ ನೋಡುವುದು, ಕಾರ್ಡ್ ಕೊಡುವುದು, ಬರುವುದು, ಅಷ್ಟೇ.

ಒಟ್ಟು 11,640 ರೂಪಾಯಿ. ಹದಿಮೂರು ಸಾಲು. ಕಾರು 2017ರ ಸಣ್ಣ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಆಗ 60,000 ಕಿಲೋಮೀಟರ್ ಓಡಿತ್ತು.

ಎಂಜಿನ್ ಆಯಿಲ್ ಮೂರೂವರೆ ಲೀಟರ್, 1,610. ಆಯಿಲ್ ಫಿಲ್ಟರ್ 120. ಹಳೇ ಆಯಿಲ್ ಇಳಿಸಲು ಬಿಚ್ಚುವ ಡ್ರೇನ್ ಬೋಲ್ಟಿನ ವಾಷರ್ 20. ಏರ್ ಫಿಲ್ಟರ್ 340. ಏಸಿ ಫಿಲ್ಟರ್ 450. ಬ್ರೇಕ್ ಆಯಿಲ್ 260. ಇಲ್ಲಿಗೆ ಸಾಮಾನಿನ ಲೆಕ್ಕ ಮುಗಿಯಿತು, 2,800 ರೂಪಾಯಿ. ಮೇಲೆ ಲೇಬರ್ 2,100. ವೀಲ್ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಸೇರಿ 1,150. ಒಟ್ಟು 6,050 ಆಯಿತು. ಮಿಕ್ಕ ಐದು ಸಾಲುಗಳಿಗೆ ಚಂದದ ಹೆಸರುಗಳು: ಏಸಿ ಡಿಸ್‌ಇನ್ಫೆಕ್ಷನ್ 1,180, ಥ್ರಾಟಲ್ ಬಾಡಿ (ಎಂಜಿನ್ ಒಳಗೆ ಗಾಳಿ ಬಿಡುವ ಭಾಗ) ಮತ್ತು ಇಂಜೆಕ್ಟರ್ (ಪೆಟ್ರೋಲ್ ಚಿಮ್ಮಿಸುವ ಭಾಗ) ಕ್ಲೀನಿಂಗ್ 1,650, ಎಂಜಿನ್ ಫ್ಲಶ್ (ಹೊಸ ಆಯಿಲ್ ಹಾಕುವ ಮೊದಲು ಒಳಗೆ ತೊಳೆಯುವುದು) 590, ಇಂಟೀರಿಯರ್ ಕ್ಲೀನಿಂಗ್ 1,420, ಎಂಜಿನ್ ಡ್ರೆಸ್ಸಿಂಗ್ (ಹೊರಗಿನ ಹೊಳಪು) 750. ಈ ಐದೇ ಸಾಲಿಗೆ 5,590. ಹತ್ತಿರ ಹತ್ತಿರ ಅರ್ಧ ಬಿಲ್.

ಅವತ್ತು ರಾತ್ರಿ ಕಾರಿನ ಜೊತೆ ಕೊಟ್ಟಿದ್ದ ಮಾಲೀಕರ ಕೈಪಿಡಿ ತೆಗೆದೆ. ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರಲಿಲ್ಲ. ಹಿಂದಿನ ಪುಟಗಳಲ್ಲಿ ಒಂದು ಪಟ್ಟಿ ಇದೆ. ಎಡಗಡೆ ಭಾಗಗಳ ಹೆಸರು, ಮೇಲುಗಡೆ ಕಿಲೋಮೀಟರ್, ಒಳಗೆ ಎರಡೇ ಅಕ್ಷರ. ಐ ಅಂದರೆ ಪರೀಕ್ಷಿಸಿ, ಆರ್ ಅಂದರೆ ಬದಲಾಯಿಸಿ. ನನ್ನ ಕಾರಿಗೆ ಎಂಜಿನ್ ಆಯಿಲ್ 10,000 ಕಿಲೋಮೀಟರ್‌ಗೆ ಅಥವಾ ವರ್ಷಕ್ಕೊಮ್ಮೆ, ಯಾವುದು ಮೊದಲೋ ಅದು. ಪ್ರತಿಯೊಂದಕ್ಕೂ ಹೀಗೆ ಒಂದು ಗಡುವು. ಆ ಐದು ಸಾಲುಗಳನ್ನು ಪಟ್ಟಿಯಲ್ಲಿ ಬೆರಳಿಟ್ಟು ಹುಡುಕಿದೆ. ಒಂದೂ ಇರಲಿಲ್ಲ. ಕಾರು ಮಾಡಿದವರೇ ಕೇಳದ ಕೆಲಸಕ್ಕೆ ನಾನು ಐದೂವರೆ ಸಾವಿರ ಕೊಟ್ಟಿದ್ದೆ. ಅದೂ ‘ಎಲ್ಲಾ ಮಾಡಿಬಿಡಿ’ ಎಂದು ನಾನೇ ಹೇಳಿ.

ಯಾಕೆ ಹಾಗೆ ಹೇಳಿದೆ? ಹೆದರಿಕೆಯಿಂದ. ಸರ್ವೀಸ್ ಅಡ್ವೈಸರ್ ಹುಡುಗ ಟ್ಯಾಬ್ ಹಿಡಿದು ಬರುತ್ತಾನೆ. ‘ಮೇಡಂ, ಥ್ರಾಟಲ್ ಬಾಡಿಯಲ್ಲಿ ಕಾರ್ಬನ್ ಕೂತಿದೆ, ಮಾಡಿಸಲಿಲ್ಲ ಅಂದ್ರೆ ಮೈಲೇಜ್ ಬೀಳುತ್ತೆ’ ಎನ್ನುತ್ತಾನೆ. ಥ್ರಾಟಲ್ ಬಾಡಿ ಎಲ್ಲಿದೆ ಎಂದೇ ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎನ್ನುವುದು ಅವನಿಗೆ ಗೊತ್ತಾಗಬಾರದು ಎನ್ನುವ ಸಂಕೋಚ ಬೇರೆ. ಕಾರಿನ ವಿಷಯದಲ್ಲಿ ಹೆಣ್ಣುಮಕ್ಕಳಿಗೆ ಈ ಸಂಕೋಚ ಇನ್ನೂ ಜಾಸ್ತಿ. ‘ಸರ್ ಬಂದಿಲ್ವಾ ಮೇಡಂ?’ ಎಂದು ಒಂದು ಸಲ ಕೇಳಿಸಿಕೊಂಡ ಮೇಲೆ ಪ್ರಶ್ನೆ ಕೇಳುವುದಕ್ಕಿಂತ ತಲೆಯಾಡಿಸುವುದೇ ಸುಲಭ ಅನ್ನಿಸುತ್ತದೆ.

ಆ ಹುಡುಗರ ಮೇಲೆ ನನಗೆ ಕೋಪ ಇಲ್ಲ. ಹೊಸ ಕಾರು ಮಾರುವುದರಲ್ಲಿ ಡೀಲರ್‌ಗೆ ಉಳಿಯುವುದು ಕಡಿಮೆ. ಶೋರೂಮಿನ ಬಾಡಿಗೆ, ಗಾಜಿನ ಗೋಡೆ, ಕಾಫಿ ಮಷೀನು ಎಲ್ಲ ನಡೆಯುವುದು ಹಿಂದಿನ ವರ್ಕ್‌ಶಾಪಿನ ದುಡಿಮೆಯಿಂದ. ಅಡ್ವೈಸರ್‌ಗೆ ತಿಂಗಳಿಗೆ ಇಷ್ಟು ಎಂದು ಟಾರ್ಗೆಟ್ ಇರುತ್ತದೆ. ಕೆಳಗೆ ಎಣ್ಣೆ ಕೈಯಲ್ಲಿ ಕೆಲಸ ಮಾಡುವ ಐಟಿಐ ಹುಡುಗನಿಗೆ ಒಂದು ಕಾರಾದ ಮೇಲೆ ಇನ್ನೊಂದು ಕಾರು, ಗಡಿಯಾರ ನೋಡಿಕೊಂಡೇ ಕೆಲಸ. ಅಂಥ ಓಟದಲ್ಲಿ ಒಂದು ಫಿಲ್ಟರ್ ಮರೆತುಹೋಗುವುದು ದೊಡ್ಡ ಆಶ್ಚರ್ಯವೇನಲ್ಲ.

ಆದರೂ ಮುಂದಿನ ಸರ್ವೀಸ್ ನಾನೇ ಮಾಡುತ್ತೇನೆ ಎಂದು ಗಟ್ಟಿ ಮನಸ್ಸು ಮಾಡಿದೆ. ಎಕ್ಸ್‌ಟೆಂಡೆಡ್ ವಾರಂಟಿ ಅದೇ ವರ್ಷದ ಶುರುವಿನಲ್ಲಿ ಮುಗಿದಿತ್ತು, ಹಾಗಾಗಿ ಆ ಚಿಂತೆ ಇರಲಿಲ್ಲ.

ವಾರಂಟಿ ವಿಚಾರ ಬಂದಿದ್ದಕ್ಕೆ ಒಂದು ಮಾತು. ಹೊರಗಡೆ ಕೈ ಮುಟ್ಟಿಸಿದರೆ ವಾರಂಟಿ ಹೋಯಿತು ಎಂದು ನಮ್ಮಲ್ಲಿ ಎಲ್ಲರೂ ನಂಬಿದ್ದೇವೆ. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳ ಮೇಲೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿ ಒಂದು ಆದೇಶ ಕೊಟ್ಟಿತು. ಬಿಡಿಭಾಗ, ರಿಪೇರಿಗೆ ಬೇಕಾದ ಉಪಕರಣ, ಮಾಹಿತಿ ಇವನ್ನೆಲ್ಲ ಹೊರಗಿನ ಗ್ಯಾರೇಜುಗಳಿಗೆ ಸಿಗದ ಹಾಗೆ ಕಂಪನಿಗಳು ತಮ್ಮ ಡೀಲರ್‌ಗಳ ಒಳಗೇ ಇಟ್ಟುಕೊಂಡಿವೆ ಎನ್ನುವುದು ಅದರ ತಿರುಳು. ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ಇಡೀ ವಾರಂಟಿ ರದ್ದು ಎನ್ನಬಾರದು, ಹೊರಗಿನವರ ತಪ್ಪು ಕೆಲಸದಿಂದ ಆದ ಹಾನಿಗೆ ಮಾತ್ರ ವಾರಂಟಿ ಇಲ್ಲ ಎನ್ನಬಹುದು ಎಂದೂ ಹೇಳಿತು. ದಂಡದ ವಿಚಾರ ಆಮೇಲೆ ಮೇಲ್ಮನವಿಗೆ ಹೋಯಿತು. 2022ರ ಡಿಸೆಂಬರ್‌ನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿಗೆಂದೇ ಒಂದು ಪೋರ್ಟಲ್ ತೆರೆಯಿತು, ವಾಹನಗಳೂ ಅದರಲ್ಲಿವೆ. ಇದೆಲ್ಲ ಗೊತ್ತಿದ್ದರೂ ವಾರಂಟಿ ಇರುವಷ್ಟು ದಿನ ಡೀಲರ್ ಹತ್ತಿರವೇ ಹೋಗಿ ಎಂದು ನಾನು ಹೇಳುತ್ತೇನೆ. ಗೇರ್‌ಬಾಕ್ಸ್ ಕೈಕೊಟ್ಟ ದಿನ ವಾದ ಮಾಡಿಕೊಂಡು ನಿಲ್ಲುವ ಶಕ್ತಿ, ಸಮಯ ನಮ್ಮಂಥವರಿಗೆ ಇರುವುದಿಲ್ಲ. ಕಾರು ಮಾರುವಾಗಲೂ ಆ ಸರ್ವೀಸ್ ರೆಕಾರ್ಡ್‌ಗೆ ಬೆಲೆ ಇದೆ.

ಸಾಮಾನು ತರಲು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ. ಕಾಲೇಜಿನ ದಿನಗಳಲ್ಲಿ ರವೀಂದ್ರ ಕಲಾಕ್ಷೇತ್ರಕ್ಕೆ ನಾಟಕ ನೋಡಲು ಹೋಗುತ್ತಿದ್ದ ರಸ್ತೆ ಅದು. ಟೌನ್ ಹಾಲ್‌ನಿಂದ ಮಿನರ್ವ ಸರ್ಕಲ್ ಕಡೆಗೆ ಸಾಲುಗಟ್ಟಿ ನಿಂತ ಆಟೊಮೊಬೈಲ್ ಅಂಗಡಿಗಳನ್ನು ಆಗ ಕಣ್ಣೆತ್ತಿಯೂ ನೋಡಿರಲಿಲ್ಲ. ಈಗ ಒಂದು ಕೌಂಟರಿನ ಮುಂದೆ ನಿಂತು ಆರ್‌ಸಿ ತೋರಿಸಿದೆ. ಅಂಗಡಿಯವರು ಮಾಡೆಲ್, ವರ್ಷ, ಚಾಸಿ ನಂಬರ್ ನೋಡಿ ಪಾರ್ಟ್ ನಂಬರ್ ಬರೆದು ಅಟ್ಟದ ಕಡೆ ಕೂಗಿದರು. ಮೇಲಿನಿಂದ ಡಬ್ಬಿಗಳು ಕೈಗೆ ಬಂದವು. ‘ಹೋಲೋಗ್ರಾಂ ನೋಡ್ಕೊಳಿ ಮೇಡಂ, ಎಂಆರ್‌ಪಿ ನೋಡ್ಕೊಳಿ, ಅರ್ಧ ರೇಟಿಗೆ ಯಾರಾದ್ರೂ ಕೊಟ್ರೆ ತಗೋಬೇಡಿ’ ಎಂದರು. ಆ ಮಾತನ್ನು ಇವತ್ತಿಗೂ ಪಾಲಿಸುತ್ತೇನೆ. ಆಯಿಲ್ ಫಿಲ್ಟರ್‌ನಲ್ಲಿ ನೂರು ರೂಪಾಯಿ ಉಳಿಸಲು ಹೋಗಿ ನಕಲಿ ಹಾಕಿದರೆ ಪೆಟ್ಟು ತಿನ್ನುವುದು ಎಂಜಿನ್.

ಕೈಪಿಡಿಯಲ್ಲಿ ಹೇಳಿದ ಗ್ರೇಡಿನ ಆಯಿಲ್ ನಾಲ್ಕು ಲೀಟರ್ ಕ್ಯಾನ್ 1,700. ಆಯಿಲ್ ಫಿಲ್ಟರ್ 110, ವಾಷರ್ 15, ಏರ್ ಫಿಲ್ಟರ್ 320, ಏಸಿ ಫಿಲ್ಟರ್ 380. ಎಲ್ಲ ಸೇರಿ 2,525.

ಕೆಲಸ ಮಾಡುವುದು ಎಲ್ಲಿ? ಬೆಂಗಳೂರಿನ ನಮ್ಮ ಮನೆಯ ಪಾರ್ಕಿಂಗ್‌ನಲ್ಲಿ ಕಾರಿನ ಬಾಗಿಲು ಪೂರ್ತಿ ತೆಗೆಯಲೂ ಜಾಗ ಇಲ್ಲ. ಅಪಾರ್ಟ್‌ಮೆಂಟಿನಲ್ಲಿರುವ ಗೆಳತಿಯ ಮನೆಯಲ್ಲಿ ಕೇಳಿದರೆ, ಕಾರು ತೊಳೆಯುವುದಕ್ಕೇ ಅಸೋಸಿಯೇಷನ್‌ನವರು ಬಿಡುವುದಿಲ್ಲ ಎಂದಳು. ಕೊನೆಗೆ 2023ರ ಜೂನ್‌ನಲ್ಲಿ ಊರಿಗೇ ತೆಗೆದುಕೊಂಡು ಹೋದೆ. ತಿಪಟೂರಿನಲ್ಲಿ ಅಪ್ಪನ ಮನೆಯ ಮುಂದೆ ಸಿಮೆಂಟಿನ ಅಂಗಳ ಇದೆ.

ಅಪ್ಪನಿಗೆ ಆಗ ಎಪ್ಪತ್ತೊಂದು. ಅವರ ಬಜಾಜ್ ಚೇತಕ್ ನನ್ನ ಬಾಲ್ಯದ ಉದ್ದಕ್ಕೂ ಇತ್ತು. ಭಾನುವಾರ ಬೆಳಿಗ್ಗೆ ಜಗಲಿಯ ಮೇಲೆ ಪೇಪರ್ ಹಾಸಿ, ಸ್ಪಾರ್ಕ್ ಪ್ಲಗ್ ಬಿಚ್ಚಿ, ಉಪ್ಪುಕಾಗದದಲ್ಲಿ ತುದಿ ಉಜ್ಜಿ, ಬಾಯಲ್ಲಿ ಉಫ್ ಎಂದು ಊದಿ ಮತ್ತೆ ಹಾಕುತ್ತಿದ್ದರು. ಸ್ಟಾರ್ಟ್ ಆಗದಿದ್ದರೆ ಸ್ಕೂಟರನ್ನು ಒಂದು ಪಕ್ಕಕ್ಕೆ ಬಗ್ಗಿಸಿ ಎತ್ತಿ ಕಿಕ್ ಹೊಡೆಯುತ್ತಿದ್ದರು. ನಮ್ಮ ಬೀದಿಯ ಎಲ್ಲ ಅಪ್ಪಂದಿರೂ ಅದನ್ನೇ ಮಾಡುತ್ತಿದ್ದರು. ಸ್ವಂತ ಗಾಡಿಯ ಹೊಟ್ಟೆ ಬಿಚ್ಚಿ ನೋಡುವುದು ಅವರಿಗೆಲ್ಲ ಹೆಗ್ಗಳಿಕೆಯ ವಿಷಯವಾಗಿರಲಿಲ್ಲ, ಹಲ್ಲುಜ್ಜುವ ಹಾಗೆ ಅದೂ ಒಂದು ಕೆಲಸ.

‘ನೀನು ಮಾಡ್ತೀಯಾ ಪುಟ್ಟಿ?’ ಎಂದರು. ಹೂಂ ಅಂದೆ. ಟಾರ್ಚ್ ತಂದು ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತರು.

ಮೊದಲು ಕಾರನ್ನು ಐದು ನಿಮಿಷ ಸ್ಟಾರ್ಟ್ ಮಾಡಿ ಇಟ್ಟೆ. ಆಯಿಲ್ ಸ್ವಲ್ಪ ಬೆಚ್ಚಗಾದರೆ ತೆಳ್ಳಗಾಗಿ ಪೂರ್ತಿ ಇಳಿಯುತ್ತದೆ. ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ದಪ್ಪ ಕಲ್ಲು ಕೊಟ್ಟು, ಮುಂಭಾಗ ಜಾಕ್‌ನಲ್ಲಿ ಎತ್ತಿ, ಎರಡೂ ಕಡೆ ಕಬ್ಬಿಣದ ಸ್ಟ್ಯಾಂಡ್ ಇಟ್ಟು ಅದರ ಮೇಲೆ ಕೂರಿಸಿದೆ. ಇದನ್ನು ಓದಿ ಯಾರಾದರೂ ಪ್ರಯತ್ನ ಮಾಡುವುದಾದರೆ ದಯವಿಟ್ಟು ಈ ಒಂದು ವಿಷಯದಲ್ಲಿ ಮಾತ್ರ ನನ್ನ ಮಾತು ಕೇಳಿ. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕಬೇಡಿ. ಇಟ್ಟಿಗೆ ಜೋಡಿಸಿ ಅದರ ಮೇಲೆ ನಿಲ್ಲಿಸಲೂಬೇಡಿ, ಇಟ್ಟಿಗೆ ಯಾವ ಸೂಚನೆಯೂ ಕೊಡದೆ ಒಡೆಯುತ್ತದೆ. ಸ್ಟ್ಯಾಂಡ್ ಇಲ್ಲದಿದ್ದರೆ ಈ ಕೆಲಸವೇ ಬೇಡ.

ಡ್ರೇನ್ ಬೋಲ್ಟ್ ಅಲುಗಲಿಲ್ಲ. ಎಷ್ಟು ಬಿಗಿ ಮಾಡಿದ್ದರೋ! ಮಲಗಿಕೊಂಡು ಎರಡೂ ಕೈಯಲ್ಲಿ ಎಳೆದೆ, ಆಗಲಿಲ್ಲ. ಅಪ್ಪ ಒಳಗೆ ಹೋಗಿ ತೋಟದ ಹಳೇ ಜಿಐ ಪೈಪಿನ ತುಂಡು ತಂದರು. ಸ್ಪ್ಯಾನರಿನ ಹಿಡಿಗೆ ಅದನ್ನು ತೂರಿಸಿ ‘ಈಗ ಎಳಿ, ಜರ್ಕ್ ಹೊಡೀಬೇಡ, ನಿಧಾನ’ ಎಂದರು. ಟಕ್ ಎಂದು ಸಡಿಲವಾಯಿತು. ಕೊನೆಯ ಎರಡು ಸುತ್ತು ಕೈಯಲ್ಲೇ ಬಿಚ್ಚಿದೆ. ಕಪ್ಪು ಆಯಿಲ್ ನಾನು ಅಂದುಕೊಂಡಿದ್ದಕ್ಕಿಂತ ಮುಂದಕ್ಕೆ ಚಿಮ್ಮಿ, ಟ್ರೇ ದಾಟಿ ಅಂಗಳಕ್ಕೆ ಬಿತ್ತು. ಅಪ್ಪ ಟ್ರೇ ಸರಿಸಿದರು, ಹಿತ್ತಲಿನಿಂದ ಒಂದು ಬುಟ್ಟಿ ತೆಂಗಿನ ನಾರಿನ ಪುಡಿ ತಂದು ಸುರಿದರು. ತಿಪಟೂರಿನಲ್ಲಿ ಅದಕ್ಕೇನು ಬರವೇ? ಹತ್ತು ನಿಮಿಷದಲ್ಲಿ ಪುಡಿ ಎಲ್ಲ ಹೀರಿಕೊಂಡಿತು.

ಹಳೇ ಫಿಲ್ಟರ್ ತಿರುಗಿಸಿ ತೆಗೆದು, ಹೊಸದರ ರಬ್ಬರಿಗೆ ಬೆರಳಲ್ಲಿ ಹೊಸ ಆಯಿಲ್ ಸವರಿ, ರಬ್ಬರ್ ತಾಗುವವರೆಗೆ ತಿರುಗಿಸಿ, ಆಮೇಲೆ ಮುಕ್ಕಾಲು ಸುತ್ತು ಬಿಗಿ ಮಾಡಿದೆ. ಬೋಲ್ಟಿಗೆ ಹೊಸ ವಾಷರ್ ಹಾಕಿ, ಎಷ್ಟು ಬಿಗಿ ಬೇಕೋ ಅಷ್ಟೇ ಅಳೆದು ಬಿಗಿಸುವ ಟಾರ್ಕ್ ರೆಂಚಿನಲ್ಲಿ ಕೂರಿಸಿದೆ. ಕಾರು ಇಳಿಸಿ ಮೂರು ಲೀಟರ್ ಆಯಿಲ್ ಹುಯ್ದು, ಆಯಿಲ್ ಮಟ್ಟ ತೋರಿಸುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ನೋಡಿ, ಇನ್ನಷ್ಟು ಹುಯ್ದು, ಸ್ಟಾರ್ಟ್ ಮಾಡಿ ಕೆಳಗೆ ಸೋರುತ್ತಿದೆಯಾ ಎಂದು ಇಬ್ಬರೂ ಬಗ್ಗಿ ನೋಡಿದೆವು. ಒಂದು ಹನಿಯೂ ಇಲ್ಲ. ಮತ್ತೆ ಡಿಪ್‌ಸ್ಟಿಕ್ ಎಳೆದು ಬಟ್ಟೆಯಲ್ಲಿ ಒರೆಸಿ ಅದ್ದಿ ತೆಗೆದಾಗ ಎರಡು ಗುರುತುಗಳ ನಡುವೆ ಜೇನಿನ ಬಣ್ಣದ ಗೆರೆ. ನನಗೆ ಕಣ್ಣಲ್ಲಿ ನೀರು ಬರುವಷ್ಟು ಖುಷಿಯಾಯಿತು. ಒಟ್ಟು ಮೂರು ಗಂಟೆ.

ಉಳಿದಿದ್ದು ಎಷ್ಟು? ಡೀಲರ್ ಹತ್ತಿರ ಇದೇ ಐದು ಸಾಮಾನಿಗೆ 2,540, ಲೇಬರ್ 2,100, ಒಟ್ಟು 4,640. ನನಗೆ ಆಗಿದ್ದು 2,525. ಉಳಿತಾಯ 2,115. ಆದರೆ ಟ್ರಾಲಿ ಜಾಕ್ 2,800, ಸ್ಟ್ಯಾಂಡ್ ಜೋಡಿ 1,600, ಸ್ಪ್ಯಾನರ್ ಸೆಟ್ 1,500, ಟಾರ್ಕ್ ರೆಂಚ್ 2,200, ಟ್ರೇ, ಫನಲ್ ಎಲ್ಲ 400 ಎಂದು 8,500 ಮೊದಲೇ ಖರ್ಚಾಗಿತ್ತು. ವರ್ಷಕ್ಕೊಂದು ಸರ್ವೀಸ್ ಎಂದರೆ ಆ ದುಡ್ಡು ವಾಪಸ್ ಬರಲು ನಾಲ್ಕು ವರ್ಷ ಬೇಕು.

ಈ ಲೆಕ್ಕ ಹಾಕಿದ ದಿನ ನನಗೆ ಒಂದು ವಿಷಯ ಸ್ಪಷ್ಟವಾಯಿತು. ನಾವು ನೋಡುವ ವಿಡಿಯೋಗಳೆಲ್ಲ ಹೆಚ್ಚಾಗಿ ಅಮೆರಿಕದವು. ಡಲ್ಲಾಸ್‌ನಲ್ಲಿರುವ ನನ್ನ ಚಿಕ್ಕಪ್ಪನ ಮಗ ಆಯಿಲ್ ತಾನೇ ಬದಲಾಯಿಸುತ್ತಾನೆ, ಬ್ರೇಕ್ ಪ್ಯಾಡ್ ಕೂಡ. ‘ಅಕ್ಕಾ, ಇಲ್ಲಿ ಮೆಕ್ಯಾನಿಕ್ ಗಂಟೆಗೆ ನೂರು ಡಾಲರ್ ಮೇಲೇ ಹಾಕ್ತಾನೆ’ ಎನ್ನುತ್ತಾನೆ. ಅಲ್ಲಿ ಸ್ವಂತ ಕೆಲಸದಿಂದ ಉಳಿಯುವುದು ಕೂಲಿ. ನಮ್ಮಲ್ಲಿ ಕೂಲಿ ಅಷ್ಟಿಲ್ಲ. ನಮ್ಮ ಬಿಲ್ ಉಬ್ಬುವುದು ಆ ಕೊನೆಯ ಐದು ಸಾಲಿನಿಂದ. ಕಾರಿನ ಕೆಳಗೆ ಮಲಗಿ ಕೈ ಕಪ್ಪು ಮಾಡಿಕೊಂಡು ನಾನು ಉಳಿಸಿದ್ದು 2,115. ‘ಬೇಡ’ ಎಂಬ ಒಂದು ಮಾತಿನಿಂದ ಉಳಿಯುತ್ತಿದ್ದದ್ದು 5,590. ಆ ಮಾತು ಹೇಳುವ ಧೈರ್ಯ ಬಂದಿದ್ದು ಮಾತ್ರ ಕೆಳಗೆ ಮಲಗಿದ ಮೇಲೆಯೇ.

ಹಳೇ ಆಯಿಲಿನ ಕಥೆ ಬೇರೆಯೇ ಇದೆ. ಹೊಸ ಆಯಿಲ್ ಖಾಲಿಯಾದ ಕ್ಯಾನಿಗೇ ಅದನ್ನು ತುಂಬಿದೆ. ಪಕ್ಕದ ಮನೆಯ ಮಾವ ಬಂದು ‘ಬೇಲಿ ಗೂಟಕ್ಕೆ ಬಳಿಯೋಕೆ ಕೊಡಮ್ಮ, ಗೆದ್ದಲು ಹತ್ತಲ್ಲ’ ಎಂದರು. ನಮ್ಮ ಕಡೆ ಎಷ್ಟೋ ಜನ ಹಾಗೇ ಮಾಡುತ್ತಾರೆ. ನಾನು ಕೊಡಲಿಲ್ಲ. ಬೇಲಿಯ ಆಚೆಗೇ ಬಾವಿ ಇದೆ. ಬಳಸಿದ ಎಂಜಿನ್ ಆಯಿಲ್ ಅಪಾಯಕಾರಿ ತ್ಯಾಜ್ಯ, 2016ರ ನಿಯಮಗಳಲ್ಲೇ ಅದು ಇದೆ. ಡಲ್ಲಾಸ್‌ನ ತಮ್ಮ ಹಳೇ ಆಯಿಲನ್ನು ಬಿಡಿಭಾಗದ ಅಂಗಡಿಗೇ ವಾಪಸ್ ಕೊಟ್ಟು ಬರುತ್ತಾನೆ, ದುಡ್ಡೂ ಕೇಳುವುದಿಲ್ಲ. ನಮ್ಮಲ್ಲಿ ಮನೆಯಲ್ಲಿ ಆಯಿಲ್ ಬದಲಾಯಿಸಿದವರು ಎಲ್ಲಿ ಕೊಡಬೇಕು? ಬೆಂಗಳೂರಿಗೆ ವಾಪಸ್ ತಂದು ನಮ್ಮ ಏರಿಯಾದ ಗ್ಯಾರೇಜಿಗೆ ಕೊಟ್ಟೆ. ಅಲ್ಲಿ ದೊಡ್ಡ ಡ್ರಮ್ ಇದೆ, ಸಂಗ್ರಹಿಸುವವರು ಬಂದು ಒಯ್ಯುತ್ತಾರೆ. ಮೂರೂವರೆ ಲೀಟರ್ ಕಪ್ಪು ಎಣ್ಣೆಯನ್ನು ಡಿಕ್ಕಿಯಲ್ಲಿ ಅಷ್ಟು ದೂರ ನಿಲ್ಲಿಸಿಕೊಂಡು ಬಂದಿದ್ದು ಇಡೀ ಕೆಲಸದಲ್ಲೇ ಕಷ್ಟದ ಭಾಗವಾಗಿತ್ತು.

ಆ ಗ್ಯಾರೇಜಿನ ಅಣ್ಣನ ಪರಿಚಯ ಆಗಿದ್ದು ಹಾಗೆ. 2024ರ ಸರ್ವೀಸ್ ಅವರ ಹತ್ತಿರವೇ. ಸಾಮಾನೆಲ್ಲ ಜೆ.ಸಿ. ರಸ್ತೆಯಿಂದ ನಾನು ತಂದುಕೊಟ್ಟೆ, ಪಕ್ಕದಲ್ಲೇ ನಿಂತೆ. ಕೂಲಿ 900 ರೂಪಾಯಿ. ಚಕ್ರ ಬಿಚ್ಚಿ ಬ್ರೇಕ್ ಪ್ಯಾಡ್ ತೋರಿಸಿದರು. ‘ಇನ್ನೂ ಒಂದು ವರ್ಷ ಬರುತ್ತೆ, ಈಗ ಬೇಡ’ ಎಂದರು. ತಾ ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು ಎಂಬ ಗಾದೆಯನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಕೊನೆಯ ಭಾಗವನ್ನು ನಾನು ಒಪ್ಪುವುದಿಲ್ಲ. ನಾನು ಮೂರು ಗಂಟೆ ತೆಗೆದುಕೊಂಡ ಕೆಲಸವನ್ನು ಅವರು ನಲವತ್ತು ನಿಮಿಷದಲ್ಲಿ, ಒಂದು ಹನಿ ಚೆಲ್ಲದೆ ಮಾಡಿದರು. ಆ 900 ರೂಪಾಯಿ ಕೊಡುವಾಗ ನನ್ನ ಮನಸ್ಸಿಗೆ ತುಂಬಾ ಸಮಾಧಾನವಿತ್ತು. ದುಡ್ಡು ಯಾರ ಕೈಗೆ, ಯಾವ ಕೆಲಸಕ್ಕೆ ಹೋಗುತ್ತಿದೆ ಎಂದು ಕಣ್ಣಾರೆ ಕಂಡಿದ್ದೆ.

ಈಗ ಒಂದು ರೂಢಿ ಆಗಿಬಿಟ್ಟಿದೆ. ಏರ್ ಫಿಲ್ಟರ್, ಏಸಿ ಫಿಲ್ಟರ್, ವೈಪರ್, ಬ್ಯಾಟರಿ ಟರ್ಮಿನಲ್ ಸ್ವಚ್ಛ ಮಾಡುವುದು, ಕೂಲೆಂಟ್ ಮಟ್ಟ ನೋಡುವುದು ಎಲ್ಲ ಮನೆಯಲ್ಲೇ. ಇವಕ್ಕೆ ಜಾಕೂ ಬೇಡ, ಕಾರಿನ ಕೆಳಗೆ ನುಗ್ಗುವುದೂ ಬೇಡ. ಏರ್ ಫಿಲ್ಟರಿಗೆ ನಾಲ್ಕು ಕ್ಲಿಪ್ ಬಿಚ್ಚಿದರೆ ಆಯಿತು, ನನ್ನ ಹನ್ನೊಂದು ವರ್ಷದ ಮಗಳೇ ಮಾಡುತ್ತಾಳೆ. ಆಯಿಲ್ ಅಣ್ಣನ ಗ್ಯಾರೇಜಿನಲ್ಲಿ. ಬ್ರೇಕ್, ಏರ್‌ಬ್ಯಾಗ್, ದೋಷ ಸರಿಪಡಿಸಲು ಕಂಪನಿಯವರು ರೀಕಾಲ್ ಎಂದು ಕರೆದದ್ದು, ಕಂಪ್ಯೂಟರ್ ಹಾಕಿ ನೋಡಬೇಕಾದದ್ದು ಡೀಲರ್ ಹತ್ತಿರ. ತಿಪಟೂರಿನ ಅಂಗಳದಲ್ಲಿ ನಾನು ಬ್ರೇಕ್ ಬಿಚ್ಚುವುದಿಲ್ಲ. ಮಗಳು ಹಿಂದಿನ ಸೀಟಿನಲ್ಲಿ ಕೂರುವ ಕಾರು ಅದು. 2025ರ ಸೆಪ್ಟೆಂಬರ್ 22ರಿಂದ ಎಲ್ಲ ಬಿಡಿಭಾಗಗಳಿಗೂ ಜಿಎಸ್‌ಟಿ ಶೇ. 18 ಎಂದು ಒಂದೇ ದರ ಆಗಿದೆ. ಹಿಂದೆ ಶೇ. 28 ಇದ್ದ ಸಾಮಾನುಗಳ ತೆರಿಗೆ ಇಳಿದಿದೆ. ಹೋದಾಗ ಬಿಲ್‌ನಲ್ಲಿ ಅದನ್ನೂ ನೋಡಿಕೊಳ್ಳಿ.

2025ರ ಜುಲೈನಲ್ಲಿ ಬ್ರೇಕ್ ಪ್ಯಾಡ್ ಹಾಕಿಸಲು ಮೂರು ವರ್ಷದ ನಂತರ ಅದೇ ಸರ್ವೀಸ್ ಸೆಂಟರ್‌ಗೆ ಹೋದೆ. ಅಡ್ವೈಸರ್ ಹೊಸ ಹುಡುಗ. ಹಾಸನದ ಕಡೆಯ ಮಾತು. ಟ್ಯಾಬ್ ತಿರುಗಿಸಿ ತೋರಿಸಿದ. ಅವೇ ಐದು ಹೆಸರು, ಎಲ್ಲದರ ಮುಂದೆಯೂ ಮೊದಲೇ ಟಿಕ್ ಬಿದ್ದಿತ್ತು. ನಾನು ಒಂದೊಂದಾಗಿ ಕೇಳಿದೆ. ಕಾರು ನಿಂತಾಗ ಎಂಜಿನ್ ಓಟ ಏರುಪೇರಾಗುತ್ತಿಲ್ಲ, ಹಾಗಾದರೆ ಥ್ರಾಟಲ್ ಬಾಡಿ ಯಾಕಪ್ಪಾ? ಆಯಿಲ್ ವರ್ಷ ವರ್ಷ ಬದಲಾಗಿದೆ, ಫ್ಲಶ್ ಯಾಕೆ? ಅವನು ನನ್ನ ಮುಖ ನೋಡಿದ, ಆಮೇಲೆ ಮೆಲ್ಲಗೆ ‘ಬೇಡ ಬಿಡಿ ಮೇಡಂ, ಅವಶ್ಯಕತೆ ಇಲ್ಲ’ ಎಂದು ಒಂದೊಂದೇ ಟಿಕ್ ತೆಗೆದ. ನಾಲ್ಕು ಹೋದವು.

ಏಸಿಯದ್ದು ಇರಲಿ ಎಂದೆ. ಮಳೆ ಶುರುವಾದಾಗಿನಿಂದ ಒಳಗೆ ಒದ್ದೆ ಬಟ್ಟೆಯ ವಾಸನೆ ಬರುತ್ತಿತ್ತು. ಫಿಲ್ಟರ್ ನಾನೇ ಹೊಸದು ಹಾಕಿದ್ದೆ, ಆದರೂ ಹೋಗಿರಲಿಲ್ಲ.